ನಳಿಗೆಯೊಳಗಿನ ಕಲಾಯಿ

ಕೊಯಮತ್ತೂರಿನಿಂದ ಪಾಲಕ್ಕಾಡಿನ ಕಡೆಗೆ ಹೊರಟ ಪ್ರಯಾಣಿಕನಿಗೆ, ನಗರದ ನೂಲುಗಿರಣಿಗಳು ಹಿಂದೆ ಸರಿದು ವಾಳಯಾರಿನ ಕಾಡು ಇನ್ನೂ ಕಣ್ಣಿಗೆ ಬೀಳುವ ಮೊದಲು, ಸುಣ್ಣಕಲ್ಲಿನ ಗುಡ್ಡಗಳ ಬುಡದಲ್ಲಿ ಮದುಕ್ಕರೈ ಎಂಬ ಊರು ಎದುರಾಗುವುದು. 1930ರ ದಶಕದಲ್ಲಿ ಇಲ್ಲಿ ಸಿಮೆಂಟಿನ ಕಾರ್ಖಾನೆ ನೆಲೆಗೊಂಡುದರಿಂದ ಊರಿನ ಹೆಸರು ದೂರದವರಿಗೂ ಪರಿಚಿತವಾಯಿತು. ಸೈನ್ಯದ ಶಿಬಿರವೂ ಗುಂಡು ಹಾರಿಸುವ ಅಭ್ಯಾಸದ ಬಯಲೂ ಇರುವುದರಿಂದ ಬಂದೂಕಿನ ಸದ್ದು ಇಲ್ಲಿಯ ದನಗಾಹಿಗಳಿಗೆ ಹೊಸತಲ್ಲ. ಹೈದರಾಲಿ 1766ರಲ್ಲಿ ಪಾಲಕ್ಕಾಡಿನಲ್ಲಿ ಕೋಟೆ ಕಟ್ಟಿಸಿದ ಕಾಲದಿಂದ, ಟಿಪ್ಪುವಿನ ಕಾಲದ ವರೆಗೂ, ಮೈಸೂರಿನ ದಂಡು ಈ ದಾರಿಯನ್ನು ತುಳಿದಿದೆ. ಜಿಲ್ಲೆಯ ದೇವಾಂಗ ನೇಕಾರರ ಮತ್ತು ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಕೇಳಿಬರುವ ಕನ್ನಡಕ್ಕಾದರೋ ಆ ದಂಡಿಗಿಂತ ಹಳೆಯ ಬೇರುಗಳುಂಟು. ಆದರೆ ನಾನು ಮದುಕ್ಕರೈಯನ್ನು ನೆನೆದುದು ಇತಿಹಾಸಕ್ಕಾಗಿ ಅಲ್ಲ, ಗಾಳಿಗಾಗಿ. ಉತ್ತರದ ನೀಲಗಿರಿಗೂ ದಕ್ಷಿಣದ ಆನೆಮಲೆಗೂ ನಡುವೆ ಪಶ್ಚಿಮಘಟ್ಟ ಸುಮಾರು 30 ಕಿಲೋಮೀಟರಿನಷ್ಟು ಬಾಯ್ದೆರೆದಿರುವ ಕಣಿವೆಯ ಮೂಡಣ ತುದಿಯಲ್ಲಿರುವ ಈ ಊರಿಗೆ, ಜೂನ್ ತಿಂಗಳಾಯಿತೆಂದರೆ, ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಗಾಳಿ ಮಳೆಯನ್ನು ಮಲೆಯಾಳದಲ್ಲಿ ಸುರಿಸಿ, ಉಳಿದ ಹಸಿಯನ್ನು ಮಾತ್ರ ಇಲ್ಲಿಗೆ ತಂದು ಸವರುವುದು. ಇಂಥ ಗಾಳಿಯಲ್ಲಿ ಉಕ್ಕನ್ನು ಕಾಪಾಡುವುದು ಹೇಗೆ, ಅದರಲ್ಲಿಯೂ ಒಳಗೆ ಬೆರಳು ತೂರದ, ಕಣ್ಣು ಸರಿಯಾಗಿ ಕಾಣದ, ಬೆಂಕಿಯೂ ಹೊಗೆಯೂ ಹಾಯ್ದುಹೋಗುವ ನಳಿಗೆಯ ಉಕ್ಕನ್ನು ಕಾಪಾಡುವುದು ಹೇಗೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಅಡಿಗೆಮನೆ ಬಹುಕಾಲದ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿತ್ತು. ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಡುವುದೆಂದು ಬಲ್ಲ ಗೃಹಿಣಿ, ವರ್ಷಕ್ಕೊಮ್ಮೆ ಬೀದಿಗೆ ಬರುವ ಕಲಾಯಿಯವನನ್ನು ಕರೆದು, ಪಾತ್ರೆಯ ಒಳಮೈಗೆ ತವರದ ತೆಳುಲೇಪವನ್ನು ಹಾಕಿಸುತ್ತಿದ್ದಳು. ಆತ ನವಸಾಗರದ ಪುಡಿಯನ್ನೆರಚಿದಾಗ ಏಳುತ್ತಿದ್ದ ಬಿಳಿಯ ಹೊಗೆಯನ್ನು ಕಂಡವರು ಈಗಲೂ ಕೆಲವರಿದ್ದಾರೆ. ಬಲವೂ ಆಕಾರವೂ ತಾಮ್ರದ್ದು, ಹುಳಿಗೆ ಮೈಯೊಡ್ಡುವ ಕೆಲಸ ಮಾತ್ರ ತವರದ್ದು. ಬಂದೂಕಿನ ನಳಿಗೆಯೊಳಗೆ ಕ್ರೋಮಿಯಂ ಲೇಪಿಸುವುದೂ ಇದೇ ತರ್ಕದ ಮುಂದುವರಿಕೆಯಾಗಿದೆ: ಒತ್ತಡವನ್ನು ತಡೆಯುವುದು ಉಕ್ಕು, ಉರಿಯನ್ನೂ ತುಕ್ಕನ್ನೂ ತಡೆಯುವುದು ಅದರ ಒಳಗಿನ ಕಲಾಯಿ. ಕಲಾಯಿಯ ಪಾತ್ರೆಯನ್ನು ತಾಮ್ರದ ಚೊಂಬಿನಂತೆ ಹುಣಿಸೆಹಣ್ಣು ಹಾಕಿ ಒರಟಾಗಿ ತಿಕ್ಕುವ ಸೊಸೆಯನ್ನು ಅತ್ತೆ ಗದರಿಸುತ್ತಿದ್ದುದೇಕೆಂಬುದನ್ನು ಅರಿತವನು ಈ ಅಧ್ಯಾಯದ ಅರ್ಧವನ್ನು ಆಗಲೇ ಅರಿತಂತಾಯಿತು.

ಕ್ರೋಮಿಯಮ್ಮನ್ನು 1797ರಲ್ಲಿ ಫ್ರಾನ್ಸಿನ ವೋಕ್ಲೆಂ ಎಂಬ ರಸಾಯನಜ್ಞನು ಸೈಬೀರಿಯದ ಕೆಂಪು ಸೀಸದ ಅದಿರಿನಲ್ಲಿ ಗುರುತಿಸಿದನು. ಅದರ ಲವಣಗಳ ವರ್ಣವೈಭವವನ್ನು ಕಂಡು, ಗ್ರೀಕ್ ಭಾಷೆಯಲ್ಲಿ ಬಣ್ಣಕ್ಕಿರುವ ಹೆಸರೇ ಈ ಲೋಹಕ್ಕೂ ಬಂದಿತು. ನಮಗೂ ಇದು ಪರಕೀಯ ವಸ್ತುವಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ ಬೈರಾಪುರದ ಗಣಿಯುಂಟು. ಕೊಯಮತ್ತೂರಿನಿಂದ ಬಹುದೂರವಲ್ಲದ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಬಂಡೆಗಳಲ್ಲಿ ಕ್ರೋಮಿನ ಅದಿರಿನ ಪದರಗಳುಂಟು. ಆದರೆ ಲೋಹ ತಿಳಿದು ಶತಮಾನ ಕಳೆದರೂ ಅದನ್ನು ವಿದ್ಯುತ್ತಿನಿಂದ ಮತ್ತೊಂದು ಲೋಹದ ಮೇಲೆ ನೆಚ್ಚಿಕೆಯಿಂದ ಕೂರಿಸುವ ವಿದ್ಯೆ ಕೈಗೂಡಿರಲಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ಎಂಬಾತ 1920ರ ದಶಕದಲ್ಲಿ ಅದನ್ನು ಸಾಧಿಸಿದನು. ಕ್ರೋಮಿಕ್ ಆಮ್ಲ ನೂರು ಪಾಲಿದ್ದರೆ ಗಂಧಕಾಮ್ಲ ಒಂದೇ ಪಾಲು ಎಂಬ ಪ್ರಮಾಣದಲ್ಲಿ ಆ ಗುಟ್ಟೆಲ್ಲ ಅಡಗಿತ್ತು. ಇಂದು ನೂಲುಯಂತ್ರದ ಉರುಳೆಗಳಿಗೂ ಹೈಡ್ರಾಲಿಕ್ ಯಂತ್ರಗಳ ದಂಡಗಳಿಗೂ ಲೇಪ ಹಾಕುವ ತೊಟ್ಟಿಗಳಲ್ಲಿ ಇರುವುದು ಹೆಚ್ಚುಕಡಿಮೆ ಅದೇ ಕಷಾಯ.

ಹೀಗೆ ಕುಳಿತ ಲೇಪ ಮಿಲಿಮೀಟರಿನ ನೂರು ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ದಪ್ಪವಾಗಿದ್ದರೂ, ಅದರ ಕಾಠಿನ್ಯ ನಳಿಗೆಯ ಉಕ್ಕಿನದನ್ನು ಬಹುವಾಗಿ ಮೀರಿದುದು; ಕಬ್ಬಿಣ 1538 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ ಇದು ಕರಗಲು 1907 ಡಿಗ್ರಿ ಬೇಕು. ಗಾಳಿ ಸೋಕಿದ ಕ್ಷಣದಲ್ಲಿಯೇ ತನ್ನ ಮೇಲೆ ತಾನೇ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆಯೊಂದನ್ನು ಹೊದ್ದುಕೊಳ್ಳುವುದರಿಂದ, ಕಬ್ಬಿಣದ ತುಕ್ಕಿನಂತೆ ಉದುರಿ ಒಳಮೈಯನ್ನು ಮತ್ತೆ ಮತ್ತೆ ಬಯಲುಮಾಡುವ ದೌರ್ಬಲ್ಯ ಇದಕ್ಕಿಲ್ಲ. ಇಷ್ಟೆಲ್ಲ ಗುಣಗಳಿದ್ದ ಮೇಲೆ ಶುದ್ಧಿಯ ಚಿಂತೆಯೇಕೆ ಎಂದು ಓದುಗರು ಕೇಳಬಹುದು. ಲೇಪನದ ತೊಟ್ಟಿಯಲ್ಲಿ ಹರಿಯುವ ವಿದ್ಯುತ್ತಿನ ಬಹುಪಾಲು ಲೋಹವನ್ನು ಕೂರಿಸುವುದರಲ್ಲಲ್ಲ, ಜಲಜನಕವನ್ನು ಬಿಡಿಸುವುದರಲ್ಲಿ ವ್ಯಯವಾಗುತ್ತದೆ. ಆ ಜಲಜನಕ ಲೇಪದೊಳಗೆ ಸೇರಿ, ಬಳಿಕ ಹೊರಬೀಳುವಾಗ ಲೇಪ ಕುಗ್ಗುವುದು, ಕುಗ್ಗಿದುದು ಬಿರಿಯುವುದು. ಬರಿಗಣ್ಣಿಗೆ ಕನ್ನಡಿಯಂತಿರುವ ಆ ಮೈಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಚೈತ್ರದಲ್ಲಿ ಬತ್ತಿದ ಕೆರೆಯಂಗಳದಂತೆ ಬಿರುಕುಗಳ ಬಲೆ ಕಾಣಿಸುವುದು. ಆದಕಾರಣ ಕ್ರೋಮಿನ ನಳಿಗೆಯನ್ನು ಶುದ್ಧಿಮಾಡುವವನು ಕಾಪಾಡಬೇಕಾದುದು ಮುಖ್ಯವಾಗಿ ಕ್ರೋಮನ್ನಲ್ಲ, ಬಿರುಕಿನ ತಳದಲ್ಲಿ ಹೊಂಚಿರುವ ಉಕ್ಕನ್ನು. ಉಪ್ಪುನೀರು ಆ ಬಿರುಕಿಗೆ ಇಳಿಯಿತೆಂದರೆ, ಪೊರೆ ಹೊದ್ದ ವಿಶಾಲವಾದ ಕ್ರೋಮ್ ಒಂದು ಧ್ರುವವೂ, ಬಿರುಕಿನ ಬುಡದ ಚೂರು ಉಕ್ಕು ಇನ್ನೊಂದು ಧ್ರುವವೂ ಆಗಿ, ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ತುಕ್ಕೆಲ್ಲವೂ ಆ ಚೂರಿನ ಮೇಲೆಯೇ ಕೇಂದ್ರೀಕೃತವಾಗುವುದು. ಹಳೆಯ ಸೈಕಲ್ಲಿನ ಹ್ಯಾಂಡಲಿನ ಮೇಲೆ, ಸುತ್ತಲೂ ಥಳಥಳಿಸುತ್ತಿರುವಾಗಲೇ ನಡುವೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳೇಳುವುದನ್ನು ನೋಡಿದ್ದೀರಷ್ಟೆ? ಅಲ್ಲಿ ಬಿರುಕಿಗೆ ಬದಲು ರಂಧ್ರ, ಬೇನೆ ಒಂದೇ.

ಇನ್ನು ಉಪ್ಪು ಎಲ್ಲಿಂದ ಬಂದಿತು? ಈ ಪ್ರಶ್ನೆ ಒಂದು ಕಾಲದಲ್ಲಿ ಜಗತ್ತಿನ ಸೈನ್ಯಗಳನ್ನೆಲ್ಲ ಕಾಡಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ನಳಿಗೆಗಳು, ಎಣ್ಣೆ ಹಚ್ಚಿಟ್ಟರೂ, ಮೊದಲಿಗಿಂತ ಬೇಗನೆ ತುಕ್ಕು ಹಿಡಿಯತೊಡಗಿದವು. ಮದ್ದಿನಲ್ಲಿ ಯಾವುದೋ ಆಮ್ಲವಿದೆಯೆಂದು ಕೆಲವರು, ಉಕ್ಕಿನ ರಂಧ್ರಗಳಲ್ಲಿ ಅನಿಲ ಅಡಗಿ ಬಳಿಕ ಬೆವರುವುದೆಂದು ಕೆಲವರು ವಾದಿಸಿದರು. ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬ ವಿಜ್ಞಾನಿ 1922ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟನು. ದೋಷ ಮದ್ದಿನದಲ್ಲ; ಮದ್ದಿಗೆ ಕಿಡಿ ಮುಟ್ಟಿಸುವ ಕೇಪಿನದು. ಅದರಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಉರಿದು ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡು, ಎಂದರೆ ಊಟದ ಉಪ್ಪಿನ ಸಾಕ್ಷಾತ್ ದಾಯಾದಿ. ಗಾಳಿಯ ಆರ್ದ್ರತೆ ಶೇಕಡಾ 85ರ ಆಸುಪಾಸಿಗೆ ಏರಿದೊಡನೆ ಈ ಲವಣ ಗಾಳಿಯ ನೀರನ್ನು ತಾನೇ ಹೀರಿ ತೊಟ್ಟಿಕ್ಕತೊಡಗುವುದು. ಮಳೆಗಾಲದಲ್ಲಿ ಮಡಕೆಯ ಉಪ್ಪು ನೀರೊಡೆಯುವುದನ್ನು ಕಂಡ ನಮ್ಮ ಅಜ್ಜಿಯಂದಿರಿಗೆ ಹಫ್ ಮಹಾಶಯನ ವರದಿ ಅಚ್ಚರಿ ತರಲಾರದು.

ಇದರಿಂದ ಹುಟ್ಟುವ ಸಿದ್ಧಾಂತ ಬಹು ಸರಳ, ಆದರೆ ಮನುಷ್ಯನ ಸಹಜಬುದ್ಧಿಗೆ ಒಗ್ಗದಿರುವುದು: ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುವುದು. ಎಣ್ಣೆಯನ್ನೆಷ್ಟು ಸುರಿದರೂ ಉಪ್ಪಿನ ಹರಳು ಅದರ ಕೆಳಗೆ ಸುಖವಾಗಿ ಕುಳಿತಿದ್ದು, ಎಣ್ಣೆಯ ಮೂಲಕವೇ ನುಸುಳಿದ ತೇವವನ್ನು ಹೀರಿ ತನ್ನ ಕೆಲಸವನ್ನು ಸಾಗಿಸುವುದು. ಉಕ್ಕಿಗೆ ನೀರು ಶತ್ರುವೆಂದು ನಂಬಿದವನಿಗೆ, ಕುದಿಯುವ ನೀರನ್ನೇ ನಳಿಗೆಗೆ ಹೊಯ್ಯಬೇಕೆಂದು ಹೇಳಿದರೆ ಅವನು ನಂಬುವುದೆಂತು? ಆದರೂ ಬ್ರಿಟಿಷ್ ಸೈನ್ಯದಲ್ಲಿ .303 ಬಂದೂಕಿಗೆ ಆಲಿಕೆಯಿಟ್ಟು ಕುದಿನೀರು ಹೊಯ್ಯುವುದು ನಿತ್ಯವಿಧಿಯಾಗಿತ್ತು. ನೀರು ಕುದಿಯುತ್ತಿರಬೇಕೆಂಬುದಕ್ಕೆ ಕಾರಣವೆರಡು: 20 ಡಿಗ್ರಿಯಲ್ಲಿ ನೂರು ಗ್ರಾಂ ನೀರು ಈ ಲವಣವನ್ನು ಸುಮಾರು 34 ಗ್ರಾಂ ಕರಗಿಸಿದರೆ, ಕುದಿಯುವಾಗ ಸುಮಾರು 56 ಗ್ರಾಂ ಕರಗಿಸಬಲ್ಲುದು, ಎರಡನೆಯದಾಗಿ, ಕಾದ ಉಕ್ಕು ತನ್ನ ಶಾಖದಿಂದ ತಾನೇ ಒಣಗಿಕೊಳ್ಳುವುದು. ಒಣಗಿದ ಮೇಲೆ ಎಣ್ಣೆಗೆ ಸಮಯ, ಮೊದಲಲ್ಲ.

ಕೊಡಗಿನಲ್ಲಿ ಇದನ್ನು ಯಾರೂ ವರದಿ ಓದಿ ಕಲಿಯಬೇಕಾಗಿರಲಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ 1861ರಿಂದ ಬಂದಿರುವ ವಿನಾಯಿತಿಯ ಫಲವಾಗಿ ಅಲ್ಲಿ ಕೋವಿ ಮನೆಯ ಸದಸ್ಯನಂತಿರುವುದು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ಪದ್ಧತಿಯುಳ್ಳ ನಾಡದು. ಸೆಪ್ಟೆಂಬರಿನ ಆದಿಯಲ್ಲಿ, ನಾಟಿಯ ಕೆಸರು ಕಾಲಿನಿಂದ ತೊಳೆದುಹೋದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ, ಕೋವಿಗಳನ್ನು ಇಳಿಸಿ, ಉಜ್ಜಿ, ತೋಕ್‌ಪೂ ಎಂಬ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುವರು. ಅಲ್ಲಿಯ ಹಳೆಯ ಕೇಪಿನ ಕೋವಿಗೆ ತುಂಬುತ್ತಿದ್ದ ಕಪ್ಪು ಮದ್ದು, ಪೆಟ್ಲುಪ್ಪು ಗಂಧಕ ಇದ್ದಿಲುಗಳ ಮಿಶ್ರಣವಾದುದರಿಂದ, ಉರಿದ ಮೇಲೆ ಪೊಟ್ಯಾಸಿಯಮ್ಮಿನ ಕ್ಷಾರಗಳನ್ನು ಧಾರಾಳವಾಗಿ ಬಿಡುವುದು. ಅದನ್ನು ಸೀಮೆಎಣ್ಣೆಯಿಂದ ತೊಳೆಯಹೊರಟವನಿಗೆ ಸಿಗುವುದು ಕಪ್ಪಾದ ಸೀಮೆಎಣ್ಣೆ ಮಾತ್ರ, ಶುದ್ಧವಾದ ನಳಿಗೆಯಲ್ಲ. ಬಿಸಿನೀರೂ ಸಾಬೂನೂ ಸಾಕು. ತೊಳೆವಾಗ ಕೊಳೆತ ಮೊಟ್ಟೆಯ ವಾಸನೆಯೆದ್ದರೆ, ಅದು ಗಂಧಕ ತನ್ನ ಹೆಸರನ್ನು ಹೇಳಿಕೊಂಡುದೆಂದು ತಿಳಿಯಬೇಕು.

ಕ್ರೋಮಿನ ಲೇಪ ಸೈನಿಕರ ಬಂದೂಕಿಗೆ ಹರಡಿದುದರ ಹಿಂದೆಯೂ ಈ ಉಪ್ಪೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ತಮ್ಮ 99ನೆಯ ಮಾದರಿಯ ಬಂದೂಕಿನ ನಳಿಗೆಗೆ ಕ್ರೋಮ್ ಹಾಕಿದರು. ಕ್ಲೋರೇಟಿನ ಕೇಪನ್ನು ಬಹುಕಾಲ ಬಿಡದ ಸೋವಿಯತ್ ದೇಶದವರು ತಮ್ಮ ಕಲಾಶ್ನಿಕೋವಿಗೂ ಹಾಕಿದರು. ಅಮೆರಿಕದವರು ಮಾತ್ರ ಎಂ-16ನ್ನು ಆರಂಭದಲ್ಲಿ ಲೇಪವಿಲ್ಲದೆಯೇ, ಶುದ್ಧಿಯ ಗೊಡವೆಯೇ ಬೇಕಿಲ್ಲವೆಂಬ ಭ್ರಮೆಯೊಡನೆ, ವಿಯೆಟ್ನಾಮಿನ ಮಳೆಗೆ ಕಳುಹಿಸಿ, ತೋಟಾ ಸಿಕ್ಕಿಕೊಂಡು ಕೆಟ್ಟು ನಿಂತ ಬಂದೂಕುಗಳೊಡನೆ ತಮ್ಮ ಯೋಧರು ಸತ್ತುದನ್ನು ಕಂಡ ಮೇಲೆ, ಮೊದಲು ತೋಟಾ ಕೂರುವ ಗೂಡಿಗೂ ಬಳಿಕ ಇಡಿಯ ನಳಿಗೆಗೂ ಲೇಪ ಹಾಕಿಸಿದರು. ನಮ್ಮ ಇನ್ಸಾಸ್ ಬಂದೂಕಿನ ನಳಿಗೆಯೂ ಕ್ರೋಮ್ ಲೇಪಿತವಾದುದೇ.

ಉಪ್ಪಿನ ಮಾತಾಯಿತು, ಈಗ ತಾಮ್ರ. ಗುಂಡಿನ ಸೀಸಕ್ಕೆ ತೊಡಿಸಿದ ಅಂಗಿ ನೂರಕ್ಕೆ ತೊಂಬತ್ತು ಪಾಲು, ಇಲ್ಲವೆ ಇನ್ನೂ ಹೆಚ್ಚು, ತಾಮ್ರ. ಅದು ನಳಿಗೆಯ ಸುರುಳಿಗೆರೆಗಳಿಗೆ ಉಜ್ಜಿ ಸ್ವಲ್ಪಸ್ವಲ್ಪವಾಗಿ ಮೆತ್ತಿಕೊಳ್ಳುವುದು. ಕ್ರೋಮಿನ ನುಣ್ಪಿಗೆ ಅದು ಕಡಿಮೆ ಅಂಟುವುದಾದರೂ ಅಂಟದೆ ಇರುವುದಿಲ್ಲ. ಅದನ್ನು ಬಿಡಿಸಲು ಅಮೋನಿಯವನ್ನುಳ್ಳ ದ್ರವಗಳನ್ನು ಬಳಸುವರು. ಗಾಳಿಯ ಆಮ್ಲಜನಕ ತಾಮ್ರವನ್ನು ಮುಟ್ಟಿ ಸಡಿಲಿಸಿದರೆ, ಅಮೋನಿಯದ ಅಣುಗಳು ನಾಲ್ಕು ಕಡೆಯಿಂದ ಬಂದು ಅದನ್ನು ಹಿಡಿದುಕೊಂಡು ದ್ರವಕ್ಕೆ ಸೆಳೆಯುವುವು. ಮೈಲುತುತ್ತಿನ ನೀರಿಗಿಂತಲೂ ಗಾಢವಾದ ನೀಲಿ ಬಣ್ಣ ಕಾಣಿಸಿಕೊಳ್ಳುವುದು. ಕ್ರೋಮಿಗೂ ಉಕ್ಕಿಗೂ ಇದರಿಂದ ಕೇಡಿಲ್ಲ. ಹಾಗೆಂದು ರಾತ್ರಿಯೆಲ್ಲ ನೆನೆಯಲು ಬಿಡುವ ಸೋಮಾರಿತನಕ್ಕೆ ನಾನು ಅನುಮತಿ ಕೊಡಲಾರೆ: ಅಮೋನಿಯ ಹಾರಿಹೋಗಿ, ಬಿರುಕುಗಳಲ್ಲಿ ಉಳಿಯುವುದು ನೀರೂ ಅದು ಕರಗಿಸಿಕೊಂಡ ಕಲ್ಮಷವೂ ಮಾತ್ರ.

ಅಮೋನಿಯ ನಿಜವಾಗಿಯೂ ಕೆಡುಕಿಗಿಳಿಯುವುದು ಹಿತ್ತಾಳೆಯ ಮೇಲೆ, ಮತ್ತು ಆ ಕಥೆ ನಮ್ಮ ದೇಶದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ದಂಡು ಹಿಂದೂಸ್ಥಾನದಲ್ಲಿ ತನ್ನ ತೋಟಾಗಳನ್ನು ಮಳೆಗಾಲ ಕಳೆಯುವ ತನಕ ಕುದುರೆಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ, ಯಾವ ಪೆಟ್ಟೂ ಬೀಳದ ಹಿತ್ತಾಳೆಯ ಕೋಶಗಳು ಉದ್ದಕ್ಕೆ ಸೀಳಿರುತ್ತಿದ್ದುವು. ಮಳೆಗಾಲದ ಋತುವಿನಲ್ಲಿ ಬರುವ ರೋಗವಾದುದರಿಂದ ಆಂಗ್ಲರು ಇದಕ್ಕೆ ಋತುವಿನ ಹೆಸರನ್ನೇ ಇಟ್ಟು, ಋತುಬಿರುಕು ಎಂಬರ್ಥದ ಮಾತಿನಿಂದ ಕರೆದರು. ಕಾರಣ ತಿಳಿದುದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮಾಲಿನ್‌ಸನ್ ಎಂಬ ಮೂವರ ಪ್ರಯೋಗಗಳಿಂದ: ಕುದುರೆಯ ಮೂತ್ರ ಕೊಳೆತು ಹೊಮ್ಮಿದ ಅಮೋನಿಯ, ಮಳೆಗಾಲದ ತೇವದೊಡನೆ ಕೂಡಿ, ತಯಾರಿಕೆಯಲ್ಲಿ ಎಳೆದು ಬಡಿದು ಒಳಗೊಳಗೇ ಬಿಗಿದುಕೊಂಡಿದ್ದ ಹಿತ್ತಾಳೆಯನ್ನು ಕಣಗಳ ಸಂಧಿಗಳಲ್ಲಿ ಕೊರೆದಿತ್ತು. ಮೆಲುಶಾಖದಲ್ಲಿ ಕಾಯಿಸಿ ಆ ಬಿಗುವನ್ನು ಸಡಿಲಿಸಿದರೆ ರೋಗವಿಲ್ಲ. ನಳಿಗೆಗೆ ನಿರಪಾಯವಾದ ದ್ರವವೇ ತೋಟಾಕ್ಕೆ ಯಮನಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ಅಮೋನಿಯದ ಸೀಸೆ ತೆರೆದಿರುವ ಮೇಜಿನ ಮೇಲೆ ತೋಟಾಗಳಿರಬಾರದು. ಗೂಡಿನೊಳಗೂ ಆ ದ್ರವದ ತೇವ ಉಳಿಯಬಾರದು.

ಇಲ್ಲಿ ಒಂದು ಶಬ್ದದ ಗೊಂದಲವನ್ನು ಹೇಳದೆ ಮುಂದುವರಿಯಲಾರೆ. ಇಂದಿನ ಪಠ್ಯಪುಸ್ತಕಗಳಲ್ಲಿ ದ್ರಾವಕವೆಂದರೆ ಕರಗಿಸುವ ದ್ರವ. ನಮ್ಮ ಹಿರಿಯರ ಬಾಯಲ್ಲಾದರೋ ದ್ರಾವಕವೆಂದರೆ ಆಮ್ಲ. ಕ್ರೋಮಿನ ನಳಿಗೆಯ ಮಟ್ಟಿಗೆ ಈ ಎರಡು ಅರ್ಥಗಳ ನಡುವಿನ ಅಂತರವೇ ರಕ್ಷಣೆಗೂ ನಾಶಕ್ಕೂ ನಡುವಿನ ಅಂತರ. ನೈಟ್ರಿಕ್ ಆಮ್ಲ ಕ್ರೋಮಿನ ಪೊರೆಯನ್ನು ಇನ್ನಷ್ಟು ಗಟ್ಟಿಗೊಳಿಸುವುದೆಂಬುದು ವಿಚಿತ್ರವಾದರೂ ನಿಜ. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಆ ಪೊರೆಯನ್ನು ಸೀಳಿ, ಒಳಗಿನ ಲೋಹವನ್ನು ಹಸಿರು ನೀರಾಗಿ ಕರಗಿಸಿಬಿಡುವುದು. ಹಳೆಯ ಲೇಪವನ್ನು ಕಿತ್ತು ಹೊಸತನ್ನು ಹಾಕಬೇಕಾದಾಗ ಲೇಪನದ ಕಾರ್ಖಾನೆಯವರು ಬಳಸುವ ಉಪಾಯವೇ ಅದು. ಅದೇ ಆಮ್ಲ ನಮ್ಮ ಮನೆಗಳ ಪಾಯಿಖಾನೆ ತೊಳೆಯುವ ಆಸಿಡ್ಡಿನ ಸೀಸೆಯಲ್ಲಿದೆ; ಸ್ನಾನದ ಮನೆಯ ಹೊಳೆಯುವ ನಲ್ಲಿ, ಆಸಿಡ್ಡು ನೇರವಾಗಿ ಸೋಕದಿದ್ದರೂ ಅದರ ಹೊಗೆಯಿಂದಲೇ ಕೆಲವು ತಿಂಗಳುಗಳಲ್ಲಿ ಸಿಡುಬು ಹಾಯ್ದ ಮುಖದಂತಾಗುವುದನ್ನು ಯಾರೂ ತಮ್ಮ ಮನೆಯಲ್ಲೇ ಪರೀಕ್ಷಿಸಬಹುದು. ತುಕ್ಕು ತೆಗೆಯುವ ದ್ರವವೆಂಬ ಚೀಟಿಯುಳ್ಳ ಸೀಸೆಗಳಲ್ಲಿ ಎಷ್ಟೋ ಸಲ ಇರುವುದು ಇದೇ ಆಮ್ಲ, ಆದುದರಿಂದ ಚೀಟಿಯ ಹಿಂಬದಿಯನ್ನು ಓದದೆ ಕೊಳ್ಳಬಾರದು. ಬಟ್ಟೆ ಬಿಳುಪಿಸುವ ಪುಡಿಯೂ ಕ್ಲೋರಿನ್ನಿನ ಬಳಗಕ್ಕೆ ಸೇರಿದುದರಿಂದ ವರ್ಜ್ಯ. ಅದನ್ನು ಅಮೋನಿಯದೊಡನೆ ಬೆರೆಸಿದರೆ ಶ್ವಾಸಕೋಶವನ್ನು ಸುಡುವ ವಿಷಾನಿಲವೇಳುವುದು. ವಿದ್ಯುತ್ತಿನಿಂದ ನಳಿಗೆಯ ಕೊಳೆ ತೆಗೆಯುವ ಉಪಕರಣಗಳನ್ನು ಕೊಂಡವರೂ ಎಚ್ಚರದಿಂದಿರಬೇಕು: ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ತಿನ ದಿಕ್ಕು ತಿರುಗಿದರೆ, ಬರುವುದು ಕೊಳೆಯಲ್ಲ, ಕ್ರೋಮ್.

ಉಳಿದ ಕೊಳೆಯೆಂದರೆ ಮದ್ದಿನ ಮಸಿ, ಮೇಣ, ಹಳೆಯ ಎಣ್ಣೆಯ ಜಿಡ್ಡು. ಇವುಗಳಿಗೆ ಸೀಮೆಎಣ್ಣೆಯ ಜಾತಿಯ ದ್ರವಗಳೂ, ಟರ್ಪೆಂಟೈನೂ ಸಾಕು; ಇವು ಯಾವುವೂ ಲೇಪಕ್ಕೆ ಏನೂ ಮಾಡಲಾರವು. ಮಾಡುವುದಿದ್ದರೆ ತೊಳೆಯುವವನ ಮೈಗೆ. 1903ರಿಂದ ಪ್ರಸಿದ್ಧವಾದ ಹಾಪೀಸ್ 9ನೆಯ ನಂಬರಿನ ದ್ರವದಲ್ಲಿ ಹಿಂದೆ ನೈಟ್ರೋಬೆಂಜೀನ್ ಇತ್ತು. ಚರ್ಮದ ಮೂಲಕವೇ ಇಳಿದು, ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುವ ವಸ್ತುವದು, ಬಳಿಕ ಅದನ್ನು ಕೈಬಿಟ್ಟರು. ಪೆಟ್ರೋಲಿನ ಗೊಡವೆಯೇ ಬೇಡ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಅದು ಸುಮಾರು 38 ಡಿಗ್ರಿಯನ್ನಾದರೂ ಮೀರಿ ಕಾಯಬೇಕು, ಪೆಟ್ರೋಲಿನದಾದರೋ ಹಿಮ ಬೀಳುವ ಚಳಿಯಲ್ಲಿಯೂ ಹೊತ್ತಬಲ್ಲುದು. ಗಾಳಿಗಿಂತ ಭಾರವಾದ ಆ ಆವಿ ನೆಲದ ಮೇಲೆ ಹರಿದು ದೂರದ ಒಲೆಯನ್ನು ಹುಡುಕಿಕೊಂಡು ಹೋಗುವುದು. ಕೊಯಮತ್ತೂರಿನ ಏಪ್ರಿಲ್ ಮಧ್ಯಾಹ್ನದಲ್ಲಾದರೆ ಸೀಮೆಎಣ್ಣೆಯನ್ನೂ ನೆರಳಿನಲ್ಲಿ, ಕಿಟಕಿ ತೆರೆದಿಟ್ಟು ಬಳಸುವುದು ವಿವೇಕ.

ಮದುಕ್ಕರೈಯ ಕಡೆಯ ನಿವೃತ್ತ ಸುಬೇದಾರರೊಬ್ಬರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬಂದೂಕಿನ ಮಾತಿಗೆ ಬಂದರೆ ಪಲ್ಟನ್ನಿನ ಹಿಂದಿಯಾಡುವವರು, ನನಗೆ ಚಿಂದಿಯ ಶಾಸ್ತ್ರವನ್ನು ಕಲಿಸಿದರು. ಚಿಂದಿಯೆಂದರೆ ನಳಿಗೆಯೊಳಗೆ ಎಳೆಯುವ ಫ್ಲಾನಲ್ ಬಟ್ಟೆಯ ತುಂಡು. ಅದನ್ನು ಸಿಕ್ಕಿಸಿ ಎಳೆಯುವ ಹುರಿಗೆ ಫುಲ್‌ಥ್ರೂ ಎಂದು ಹೆಸರು. ಹುರಿಯನ್ನು ಓರೆಯಾಗಿ ಎಳೆದರೆ ಮೂತಿಯ ಅಂಚು ಸವೆಯುವುದೆಂದೂ, ಲೇಪ ಕೊನೆಗೊಳ್ಳುವುದು ಆ ಅಂಚಿನಲ್ಲಿಯೇ ಆದುದರಿಂದ ತುಕ್ಕು ಒಳಹೊಗುವ ಹೆಬ್ಬಾಗಿಲೂ ಅದೇ ಎಂದೂ ಅವರು ಹೇಳಿದಾಗ, ನನ್ನ ಪುಸ್ತಕಗಳಲ್ಲಿ ಈ ಮಾತು ಎಷ್ಟು ಹಿಂದಿನ ಪುಟಗಳಲ್ಲಿ ಅಡಗಿತ್ತೆಂದು ನನಗೆ ನಾಚಿಕೆಯಾಯಿತು. ಒಮ್ಮೆ ಅವರ ಪಲ್ಟನ್ನಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, ಅಮೋನಿಯದ ದ್ರವ ಹಾಕಿ ಕಂಚಿನ ತಂತಿಯ ಬ್ರಷ್ಷಿನಿಂದ ಉಜ್ಜಿ, ಚಿಂದಿ ಎಳೆದು ನೋಡಿದನಂತೆ, ನೀಲಿ ಬಂದಿತು. ಮತ್ತೆ ಹಾಕಿ ಉಜ್ಜಿದನು, ಮತ್ತೆ ನೀಲಿ. ತಾಮ್ರ ಇನ್ನೂ ಇದೆಯೆಂದು ಬಗೆದು ಸಂಜೆಯ ಹಾಜರಿಯ ತನಕ ಉಜ್ಜಿಯೇ ಉಜ್ಜಿದನು, ಚಿಂದಿ ಬಿಳಿಯಾಗಲೇ ಇಲ್ಲ. ಸುಬೇದಾರರು ಬಂದು, ಬ್ರಷ್ಷನ್ನು ಅವನ ಕೈಯಿಂದ ತೆಗೆದುಕೊಂಡು, ಅದೇ ದ್ರವದ ಎರಡು ಹನಿಯನ್ನು ಅದರ ತಂತಿಗಳ ಮೇಲೆ ಬಿಟ್ಟು, ಒಂದು ಬಿಳಿಯ ಚಿಂದಿಗೆ ಒತ್ತಿ ತೋರಿಸಿದರು. ಕಂಚಿನಲ್ಲಿ ಇರುವುದೂ ತಾಮ್ರವೇ. ನಳಿಗೆ ಮಧ್ಯಾಹ್ನವೇ ಶುದ್ಧವಾಗಿತ್ತು.